ಜ್ವರ ಬಂತೆಂದು ಮನೆ ಖಾಲಿ ಮಾಡಿಸುವ ಹಾಗಿಲ್ಲ: ಜಿಲ್ಲಾಧಿಕಾರಿಗಳಿಗೂ ನಮ್ಮೂರಿನ ಮನೆ ಓನರ್‌ಗಳಿಗೂ ಒಂದು ಬಹಿರಂಗ ಪತ್ರ

ಶಿವಮೊಗ್ಗ ಜಿಲ್ಲಾಧಿಕಾರಿಗಳಿಗೆ, ಮಹಾನಗರ ಪಾಲಿಕೆ ಆಯುಕ್ತರಿಗೆ, ಈ ಜಿಲ್ಲೆಯಲ್ಲಿ ಮನೆ ಬಾಡಿಗೆಗೆ ಕೊಟ್ಟಿರುವ ಎಲ್ಲರಿಗೂ ನಮಸ್ಕಾರ.

ನಾನು ವಿನೋಬನಗರದವಳು. ಕೆಳಗಡೆ ನಾವಿದ್ದೇವೆ, ಮೇಲಿನ ಮನೆಗಳನ್ನು ಬಾಡಿಗೆಗೆ ಕೊಟ್ಟಿದ್ದೇವೆ. ಆ ದುಡ್ಡು ನಮ್ಮ ಸಂಸಾರಕ್ಕೆ ಬೇಕೇ ಬೇಕು. ಮನೆ ಓನರ್ ಆಗಿಯೇ ನಿಮ್ಮ ಹತ್ತಿರ ಒಂದು ಕೇಳುತ್ತಿದ್ದೇನೆ. ಊರಿಗೆ ಕಾಯಿಲೆ ಹಬ್ಬಿದಾಗ ಮನೆ ಓನರ್ ಏನು ಮಾಡಲೇಬೇಕು, ಏನು ಮಾಡಬಾರದು, ಬಾಡಿಗೆಗೆ ಇದ್ದವರ ಹತ್ತಿರ ಏನು ಕೇಳಬಹುದು ಅನ್ನುವುದನ್ನು ಒಂದೇ ಹಾಳೆಯಲ್ಲಿ, ಓದಿದರೆ ಅರ್ಥವಾಗುವ ಕನ್ನಡದಲ್ಲಿ ಬರೆದು ಆದೇಶ ಮಾಡಿ. ಕಾಯಿಲೆ ಬಂದ ಮೇಲೆ ಮಾಡಬೇಡಿ, ಈಗಲೇ ಮಾಡಿ. ಮುಂಗಾರು ಹಿಡಿಯುವ ಮೊದಲೇ ಅದು ಪ್ರತಿ ಬಾಡಿಗೆ ಮನೆಗೆ ತಲುಪಿರಬೇಕು.

ಯಾಕೆ ಈ ಅವಸರ ಅಂತ ಕೇಳಬಹುದು. 2020ನ್ನು ನೆನಪು ಮಾಡಿಕೊಳ್ಳಿ. ಮಾರ್ಚ್ 25ರಿಂದ ದೇಶಕ್ಕೆಲ್ಲ ಲಾಕ್‌ಡೌನ್ ಬಂತು. ಬಾಡಿಗೆ ವಿಷಯದಲ್ಲಿ ಕೇಂದ್ರ ಗೃಹ ಸಚಿವಾಲಯದ ಆದೇಶ ಬಂದದ್ದು ಮಾರ್ಚ್ 29ಕ್ಕೆ. ಅದರಲ್ಲಿ ಇದ್ದದ್ದು ಇಷ್ಟು: ವಲಸೆ ಬಂದವರೂ ಸೇರಿ ಬಾಡಿಗೆ ಮನೆಯಲ್ಲಿರುವ ಕಾರ್ಮಿಕರಿಂದ ಒಂದು ತಿಂಗಳ ಬಾಡಿಗೆ ಕೇಳಬಾರದು, ಕಾರ್ಮಿಕರನ್ನು, ವಿದ್ಯಾರ್ಥಿಗಳನ್ನು ಬಲವಂತವಾಗಿ ಖಾಲಿ ಮಾಡಿಸಿದರೆ 2005ರ ವಿಪತ್ತು ನಿರ್ವಹಣಾ ಕಾಯ್ದೆಯಡಿ ಕ್ರಮ. ಒಳ್ಳೆಯ ಆದೇಶವೇ. ಆದರೆ ಸರಿಯಾಗಿ ಓದಿ ನೋಡಿ. ವಿದ್ಯಾರ್ಥಿಯನ್ನು ಹೊರಗೆ ಹಾಕಬಾರದು ಅಂತ ಇದೆ, ಅವನ ಬಾಡಿಗೆ ಬಿಡಬೇಕು ಅಂತ ಇಲ್ಲ. ಆಟೋ ಓಡಿಸುವವರು, ಹೇರ್ ಕಟಿಂಗ್ ಅಂಗಡಿಯವರು, ಬೀದಿ ಬದಿ ತಿಂಡಿ ಗಾಡಿ ಇಟ್ಟವರು ಕಾರ್ಮಿಕರೋ ಅಲ್ಲವೋ? ಒಂದು ತಿಂಗಳು ಮುಗಿದ ಮೇಲೆ ಏನು? ಬಿಟ್ಟ ಬಾಡಿಗೆ ಮಾಫಿಯೋ, ಆಮೇಲೆ ಕೊಡಬೇಕಾ? ನಮ್ಮ ಬೀದಿಯಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಅಂಥ ಆದೇಶ ಇದೆ ಅನ್ನುವುದೇ ಎಷ್ಟೋ ಜನಕ್ಕೆ ತಿಳಿಯಲಿಲ್ಲ. ನವುಲೆ ಕಡೆಯ ಪಿಜಿಗಳಿಂದ ಹುಡುಗರು ಹಾಸಿಗೆ, ಪುಸ್ತಕ ಎಲ್ಲ ಅಲ್ಲೇ ಬಿಟ್ಟು ಊರಿಗೆ ಹೋದರು. ತಿಂಗಳುಗಟ್ಟಲೆ ಖಾಲಿ ಇದ್ದ ರೂಮಿಗೆ ಬಾಡಿಗೆ ಕಟ್ಟಬೇಕೋ ಬೇಡವೋ ಅನ್ನುವ ಜಗಳ ಫೋನಿನಲ್ಲೇ ನಡೆಯಿತು. ಅಡ್ವಾನ್ಸ್ ಹಣದಲ್ಲಿ ಮುರಿದುಕೊಂಡವರು ಇದ್ದರು, ಪೂರ್ತಿ ವಾಪಸ್ ಕೊಟ್ಟವರೂ ಇದ್ದರು. ಅವರವರ ಮನಸ್ಸು ಹೇಗಿತ್ತೋ ಹಾಗೆ ಆಯಿತು.

ಇದೇ ನನ್ನನ್ನು ಕಾಡುವುದು. ಒಳ್ಳೆಯ ಓನರ್ ಸಿಕ್ಕಿದವರು ಬಚಾವಾದರು, ಸಿಗದವರು ಲಗೇಜು ಕಟ್ಟಿದರು. ಕಾಯಿಲೆ ಹಬ್ಬಿದ ಹೊತ್ತಿನಲ್ಲಿ ಒಂದು ಕುಟುಂಬಕ್ಕೆ ತಲೆ ಮೇಲೆ ಸೂರು ಇರುತ್ತದೋ ಇಲ್ಲವೋ ಅನ್ನುವುದು ನನ್ನಂಥ ಒಬ್ಬಳ ಮನಸ್ಸಿನ ಮೇಲೆ ನಿಂತಿರಬಾರದು ಅಲ್ವಾ?

ನಮ್ಮ ಹಿಂದಿನ ಬೀದಿಯಲ್ಲಿ ಒಬ್ಬ ನರ್ಸ್ ಬಾಡಿಗೆಗಿದ್ದರು. ಸಣ್ಣ ಮಗು ಇತ್ತು. ಕೋವಿಡ್ ವಾರ್ಡಿನಲ್ಲಿ ಡ್ಯೂಟಿ ಅಂತ ಗೊತ್ತಾದ ಕೂಡಲೇ ಓನರ್ ಬಂದು, ಬೇರೆ ಮನೆ ನೋಡಿಕೊಳ್ಳಿ ಅಂದರು. ಕೆಟ್ಟವರಲ್ಲ ಅವರು, ಮನೆಯಲ್ಲಿ ವಯಸ್ಸಾದ ತಾಯಿ ಇದ್ದರು, ಹೆದರಿದ್ದರು. ಆದರೆ ಹೆದರಿಕೆಗೆ ಅಂತ ಆ ಹೆಣ್ಣುಮಗಳು ರಾತ್ರಿ ಪಾಳಿ ಮುಗಿಸಿ ಬಂದು ಹಗಲು ಮನೆ ಹುಡುಕಬೇಕಾಯಿತು. ಅದೂ ಆಸ್ಪತ್ರೆ ಹೆಸರು ಕೇಳಿದರೆ ಬಾಗಿಲು ಹಾಕುವ ಕಾಲದಲ್ಲಿ. ಆಮೇಲೆ ನನಗೆ ತಿಳಿದದ್ದು ಏನೆಂದರೆ, 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆಗೆ 2020ರ ಏಪ್ರಿಲ್‌ನಲ್ಲೇ ಸುಗ್ರೀವಾಜ್ಞೆ ಮೂಲಕ ತಿದ್ದುಪಡಿ ತಂದಿದ್ದರು, ಸೆಪ್ಟೆಂಬರ್‌ನಲ್ಲಿ ಸಂಸತ್ತು ಅದನ್ನು ಕಾಯ್ದೆ ಮಾಡಿತು. ಆರೋಗ್ಯ ಸಿಬ್ಬಂದಿ ವಾಸಿಸುವ ಸ್ಥಿತಿಗೆ, ಕೆಲಸದ ಸ್ಥಿತಿಗೆ ತೊಂದರೆಯಾಗುವ ಹಾಗೆ ಕಿರುಕುಳ ಕೊಟ್ಟು ಅವರು ಡ್ಯೂಟಿ ಮಾಡದ ಹಾಗೆ ಮಾಡಿದರೆ ಅದೂ ಹಿಂಸೆಯೇ ಅನ್ನುತ್ತದೆ ಆ ಕಾಯ್ದೆ. ಶಿಕ್ಷೆ 3 ತಿಂಗಳಿಂದ 5 ವರ್ಷ ಜೈಲು, 50 ಸಾವಿರದಿಂದ 2 ಲಕ್ಷದವರೆಗೆ ದಂಡ. ಡಾಕ್ಟರು, ನರ್ಸು ಮಾತ್ರವಲ್ಲ, ಸಮುದಾಯ ಆರೋಗ್ಯ ಕಾರ್ಯಕರ್ತರೂ ಅದರೊಳಗೆ ಬರುತ್ತಾರೆ. ಇಷ್ಟು ದೊಡ್ಡ ಕಾನೂನು ಇದ್ದೂ ಆ ಬೀದಿಗೆ ಬಂದು ಓನರ್‌ಗೆ ಒಂದು ಮಾತು ಹೇಳುವವರು ಇರಲಿಲ್ಲ. ಹೇಳಿದ್ದರೆ ಅವರು ಕೇಳುತ್ತಿದ್ದರು ಅಂತಲೇ ನನ್ನ ನಂಬಿಕೆ. ಮೆಗ್ಗಾನ್ ಆಸ್ಪತ್ರೆ, ಮೆಡಿಕಲ್ ಕಾಲೇಜು ಇರುವ ಊರು ಇದು. ಎಷ್ಟೊಂದು ನರ್ಸ್‌ಗಳು, ಲ್ಯಾಬ್‌ನವರು, ಆಂಬುಲೆನ್ಸ್ ಡ್ರೈವರ್‌ಗಳು ಬಾಡಿಗೆ ಮನೆಗಳಲ್ಲಿದ್ದಾರೆ. ಮುಂದಿನ ಸಲ ಅವರನ್ನು ಮನೆ ಹುಡುಕಲು ಕಳಿಸಬೇಡಿ.

ಕಾಯಿಲೆ ಇಲ್ಲದ ಕಾಲದಲ್ಲೂ ಓನರ್ ತನ್ನ ಮನಸ್ಸಿಗೆ ಬಂದ ಹಾಗೆ ಬೀಗ ಹಾಕುವ ಹಾಗಿಲ್ಲ. ಇದನ್ನು ನಮ್ಮಂಥವರು ಮೊದಲು ತಿಳಿದುಕೊಳ್ಳಬೇಕು. 1999ರ ಕರ್ನಾಟಕ ಬಾಡಿಗೆ ಕಾಯ್ದೆ ಅಂತ ಒಂದಿದೆ, ಆದರೆ ಅದು ತಿಂಗಳಿಗೆ 3500 ರೂಪಾಯಿ, ಸಣ್ಣ ಊರುಗಳಲ್ಲಿ 2000 ರೂಪಾಯಿ ದಾಟಿದ ಬಾಡಿಗೆಗೆ ಅನ್ವಯವಾಗುವುದಿಲ್ಲ. ಇವತ್ತು ಶಿವಮೊಗ್ಗದಲ್ಲಿ ಆ ದುಡ್ಡಿಗೆ ಮನೆ ಎಲ್ಲಿದೆ? ಹಾಗಾಗಿ ನಮ್ಮಲ್ಲಿ ಹೆಚ್ಚಿನ ಬಾಡಿಗೆ ಮನೆಗಳು 1882ರ ಆಸ್ತಿ ವರ್ಗಾವಣೆ ಕಾಯ್ದೆಯ ಕೆಳಗೆ ಬರುತ್ತವೆ. ಕರಾರಿನಲ್ಲಿ ಬೇರೆ ಬರೆದಿಲ್ಲದಿದ್ದರೆ ತಿಂಗಳ ಬಾಡಿಗೆಯವರಿಗೆ ಬಿಡಿಸಲು 15 ದಿನದ ನೋಟಿಸ್ ಕೊಡಬೇಕು. ನೋಟಿಸ್ ಕೊಟ್ಟರೂ ಅವರು ಬಿಡದಿದ್ದರೆ ಕೋರ್ಟಿಗೆ ಹೋಗಬೇಕೇ ಹೊರತು ಸಾಮಾನು ಹೊರಗೆ ಎಸೆಯುವುದು, ಕರೆಂಟು ತೆಗೆಯುವುದು, ನೀರಿನ ವಾಲ್ವ್ ಮುಚ್ಚುವುದು ನಡೆಯುವುದಿಲ್ಲ. ಹಾಗೆ ಬಲವಂತವಾಗಿ ಹೊರಗೆ ಹಾಕಿಸಿಕೊಂಡವರು 6 ತಿಂಗಳೊಳಗೆ ದಾವೆ ಹಾಕಿ ಮನೆ ವಾಪಸ್ ಪಡೆಯಬಹುದು. ಲಾಯರ್ ಇಡಲು ದುಡ್ಡಿಲ್ಲದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇದೆ, 15100ಕ್ಕೆ ಫೋನ್ ಮಾಡಬಹುದು. ಹೆಂಗಸರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ನೋಡದೆ ಉಚಿತ ನೆರವು ಕೊಡುತ್ತಾರೆ.

ಈಗ ಓನರ್‌ಗಳ ಕಡೆಯದ್ದೂ ಹೇಳಬೇಕು, ಯಾಕೆಂದರೆ ಅದನ್ನು ಯಾರೂ ಹೇಳುವುದಿಲ್ಲ. ಮನೆ ಬಾಡಿಗೆಗೆ ಕೊಟ್ಟವರೆಲ್ಲ ಸಾಹುಕಾರರು ಅಂತ ಸರ್ಕಾರಕ್ಕೂ ಜನಕ್ಕೂ ಒಂದು ಭಾವನೆ ಇದೆ. ಗೋಪಾಳದಲ್ಲಿ, ಶರಾವತಿ ನಗರದಲ್ಲಿ, ಆಲ್ಕೊಳದ ಕಡೆ ಒಮ್ಮೆ ಸುತ್ತಾಡಿ ನೋಡಿ. ಗಂಡ ತೀರಿಕೊಂಡ ಮೇಲೆ ಮುಂದಿನ ಎರಡು ಕೋಣೆ ಬಾಡಿಗೆಗೆ ಕೊಟ್ಟು ಬದುಕುತ್ತಿರುವ ಹೆಂಗಸರು, ನಿವೃತ್ತಿ ದುಡ್ಡನ್ನೆಲ್ಲ ಹಾಕಿ ಮೇಲೊಂದು ಅಂತಸ್ತು ಎಬ್ಬಿಸಿ ಸಾಲದ ಕಂತನ್ನು ಬಾಡಿಗೆಯಿಂದಲೇ ಕಟ್ಟುವವರು, ಇಂಥವರೇ ಜಾಸ್ತಿ. 2020ರಲ್ಲಿ ರಿಸರ್ವ್ ಬ್ಯಾಂಕ್ ಕಂತು ಮುಂದೂಡಲು ಅವಕಾಶ ಕೊಟ್ಟಿತು, ಮೊದಲು ಮೂರು ತಿಂಗಳು, ಆಮೇಲೆ ಆಗಸ್ಟ್ 31ರವರೆಗೆ. ಆದರೆ ಬಡ್ಡಿ ಓಡುತ್ತಲೇ ಇತ್ತು. ಬಾಡಿಗೆ ಬಿಡಿ ಅಂತ ನಮಗೆ ಹೇಳಿದ ಸರ್ಕಾರ, ಬಿಟ್ಟ ಬಾಡಿಗೆಗೆ ಬದಲಾಗಿ ನಮಗೇನು ಕೊಡುತ್ತೇನೆ ಅಂತ ಹೇಳಲಿಲ್ಲ. ಒಂದು ಸಂಸಾರದ ಕಷ್ಟವನ್ನು ಎತ್ತಿ ಇನ್ನೊಂದು ಸಂಸಾರದ ಮೇಲೆ ಇಟ್ಟ ಹಾಗಾಯಿತು. ಅದು ನ್ಯಾಯ ಅಲ್ಲ.

ಕೋರ್ಟು ಕೂಡ ಬಾಡಿಗೆ ಪೂರ್ತಿ ಬಿಡಬೇಕು ಅಂತ ಹೇಳಿಲ್ಲ. 2020ರ ಮೇ ತಿಂಗಳಲ್ಲಿ ದೆಹಲಿ ಹೈಕೋರ್ಟಿನ ಮುಂದೆ ಖಾನ್ ಮಾರ್ಕೆಟ್‌ನ ಒಂದು ಅಂಗಡಿಯ ಕೇಸು ಬಂದಿತ್ತು. ಲಾಕ್‌ಡೌನ್‌ನಲ್ಲಿ ವ್ಯಾಪಾರ ಇಲ್ಲ, ಬಾಡಿಗೆ ತಡೆಹಿಡಿಯಬೇಕು ಅಂತ ಬಾಡಿಗೆದಾರರ ವಾದ. ಜಾಗ ನಿಮ್ಮ ಕೈಯಲ್ಲೇ ಇರುವಾಗ ಬಾಡಿಗೆ ನಿಲ್ಲಿಸುವ ಹಾಗಿಲ್ಲ, ಕಟ್ಟಲು ಸ್ವಲ್ಪ ಸಮಯ ಬೇಕಾದರೆ ಕೊಡಬಹುದು ಅಂತ ಕೋರ್ಟು ಹೇಳಿತು. ನನಗೆ ಈ ದಾರಿ ಸರಿ ಅನ್ನಿಸುತ್ತದೆ. ಬಾಡಿಗೆ ಬಾಕಿ ಇರಲಿ, ಆದರೆ ಕಾಯಿಲೆ ನಡೆಯುವಾಗ ಅದಕ್ಕಾಗಿ ಹೊರಗೆ ಹಾಕುವುದು ಬೇಡ. ಬಾಕಿಯನ್ನು ಆಮೇಲಿನ ತಿಂಗಳುಗಳಲ್ಲಿ ಸ್ವಲ್ಪ ಸ್ವಲ್ಪ ಸೇರಿಸಿ ತೀರಿಸಲಿ. ಹಾಗೆ ಕಾದ ಓನರ್‌ಗೆ ಆ ವರ್ಷದ ಮನೆ ಕಂದಾಯದಲ್ಲಿ ಪಾಲಿಕೆ ಏನಾದರೂ ಬಿಡಲಿ. ಏಪ್ರಿಲ್‌ನಲ್ಲೇ ಕಟ್ಟಿದವರಿಗೆ ಶೇ 5 ರಿಯಾಯಿತಿ ಇದೆಯಲ್ಲ, ಅದೇ ಥರ ಬಾಡಿಗೆದಾರರನ್ನು ಉಳಿಸಿಕೊಂಡವರಿಗೂ ಒಂದು ರಿಯಾಯಿತಿ ಯಾಕೆ ಆಗಬಾರದು? ಪಾಲಿಕೆಯ ಕೈಯಲ್ಲಿ ಆಗದಿದ್ದರೆ ಸರ್ಕಾರಕ್ಕೆ ಬರೆಯಿರಿ.

ಕೇಂದ್ರ ಸರ್ಕಾರ 2021ರ ಜೂನ್‌ನಲ್ಲಿ ಮಾದರಿ ಬಾಡಿಗೆ ಕಾಯ್ದೆ ಅಂತ ಒಂದನ್ನು ಒಪ್ಪಿ ರಾಜ್ಯಗಳಿಗೆ ಕಳಿಸಿತು. ರಾಜ್ಯ ಒಪ್ಪಿಕೊಂಡು ತನ್ನ ಕಾಯ್ದೆ ಮಾಡಿದರೆ ಮಾತ್ರ ಅದಕ್ಕೆ ಬಲ. ಅದರಲ್ಲಿ ಒಂದು ಒಳ್ಳೆಯ ಮಾತಿದೆ: ಊರಿಗೆ ವಿಪತ್ತು ಬಂದಾಗ ಬಾಡಿಗೆ ಅವಧಿ ಮುಗಿದರೂ, ಬಾಡಿಗೆದಾರರು ಕೇಳಿದರೆ ವಿಪತ್ತು ಮುಗಿದು ಒಂದು ತಿಂಗಳವರೆಗೆ ಅದೇ ಷರತ್ತಿನ ಮೇಲೆ ಇರಲು ಬಿಡಬೇಕು. ಆದರೆ ವಿಪತ್ತು ಅಂದರೆ ಯಾವುದು ಅಂತ ಹೇಳುವಾಗ ಯುದ್ಧ, ಪ್ರವಾಹ, ಬರ, ಬೆಂಕಿ, ಚಂಡಮಾರುತ, ಭೂಕಂಪ, ಇತರ ನೈಸರ್ಗಿಕ ವಿಕೋಪ ಅಂತ ಬರೆದಿದ್ದಾರೆ. ಕೋವಿಡ್‌ನ ಎರಡನೇ ಅಲೆಯಲ್ಲಿ ಜನ ಆಕ್ಸಿಜನ್‌ಗೆ ಓಡಾಡಿದ ತಿಂಗಳುಗಳಲ್ಲೇ ಒಪ್ಪಿದ ಮಸೂದೆ ಅದು. ಅದರಲ್ಲೇ ಸಾಂಕ್ರಾಮಿಕ ರೋಗ ಅನ್ನುವ ಪದ ಇಲ್ಲ! ನಮ್ಮ ರಾಜ್ಯ ಆ ದಾರಿಯಲ್ಲಿ ಕಾಯ್ದೆ ಮಾಡುವಾಗ ಆ ಒಂದು ಪದ ಸೇರಿಸಲಿ ಅಂತ ಜಿಲ್ಲೆಯಿಂದ ಶಿಫಾರಸು ಹೋಗಬೇಕು.

ಇನ್ನು ಡೆಂಗಿ. ನಮಗೆ ಪ್ರತಿ ವರ್ಷ ಬರುವುದು ಇದು, ಹಾಗಾಗಿ ಇಲ್ಲಿ ಸ್ವಲ್ಪ ಜಾಸ್ತಿ ಹೇಳುತ್ತೇನೆ.

2024ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗ ಅಂತ ಘೋಷಿಸಿತು. ಸೊಳ್ಳೆ ಮೊಟ್ಟೆ ಇಡುವ ಹಾಗೆ ನೀರು ನಿಲ್ಲಿಸಿದವರಿಗೆ ದಂಡ ನಿಗದಿ ಮಾಡಿತು: ಮನೆಗಳಿಗೆ ಪಟ್ಟಣದಲ್ಲಿ 400 ರೂಪಾಯಿ, ಹಳ್ಳಿಯಲ್ಲಿ 200, ಅಂಗಡಿ, ಹೋಟೆಲ್‌ನಂಥ ಕಡೆ 1000 ಮತ್ತು 500, ಖಾಲಿ ಸೈಟು, ಕಟ್ಟುತ್ತಿರುವ ಕಟ್ಟಡಕ್ಕೆ 2000 ಮತ್ತು 1000. ಜವಾಬ್ದಾರಿ ಮಾಲೀಕರದ್ದು ಅಥವಾ ವಾಸವಿರುವವರದ್ದು ಅಂತ ಇದೆ. ಇಲ್ಲೇ ತೊಡಕು. ಬಾಡಿಗೆ ಮನೆಯಲ್ಲಿ ಮಾಲೀಕರು ಬೇರೆ, ವಾಸವಿರುವವರು ಬೇರೆ. ದಂಡ ಯಾರು ಕಟ್ಟಬೇಕು? ಪರಿಶೀಲನೆಗೆ ಬಂದವರ ಕೈಗೆ ಸಿಗುವುದು ಆ ಹೊತ್ತಿಗೆ ಮನೆಯಲ್ಲಿದ್ದವರು, ಅಂದರೆ ಬಾಡಿಗೆದಾರರು.

ನೀರು ನಿಲ್ಲುವುದು ಎಲ್ಲೆಲ್ಲಿ ಅಂತ ಒಮ್ಮೆ ಲೆಕ್ಕ ಹಾಕಿ. ಅಂಗಳದ ಸಂಪು, ಅದರ ಬೀಗದ ಕೈ ಓನರ್ ಹತ್ತಿರ. ತಾರಸಿ ಮೇಲಿನ ಟ್ಯಾಂಕು, ಅಲ್ಲಿಗೆ ಹೋಗುವ ಬಾಗಿಲಿನ ಕೀ ಓನರ್ ಹತ್ತಿರ. ಮಳೆಗಾಲಕ್ಕೆ ಅಂತ ಸೋರುವ ಸಜ್ಜಾದ ಮೇಲೆ ಹಾಸಿದ ನೀಲಿ ಟಾರ್ಪಾಲು, ಅದರ ಮಡಿಕೆಯಲ್ಲಿ ನಿಲ್ಲುವ ನೀರು. ಕಟ್ಟಿಕೊಂಡ ತಾರಸಿ ನೀರಿನ ಪೈಪು. ಇವೆಲ್ಲ ಓನರ್ ಕೈಯಲ್ಲಿರುವವು. ಬಚ್ಚಲಿನ ಡ್ರಮ್ಮು, ಫ್ರಿಡ್ಜಿನ ಹಿಂದಿನ ತಟ್ಟೆ, ಗಿಡದ ಕುಂಡದ ಕೆಳಗಿನ ತಟ್ಟೆ, ಇವು ಬಾಡಿಗೆದಾರರವು. ಡೆಂಗಿ ತರುವ ಈಡಿಸ್ ಸೊಳ್ಳೆ ಕೊಚ್ಚೆಯಲ್ಲಿ ಅಲ್ಲ, ಶುದ್ಧ ನೀರಿನಲ್ಲಿ ಮೊಟ್ಟೆ ಇಡುತ್ತದೆ. ಹಗಲು ಹೊತ್ತು ಕಚ್ಚುತ್ತದೆ. ಮೊಟ್ಟೆಯಿಂದ ಹಾರುವ ಸೊಳ್ಳೆ ಆಗಲು ಸುಮಾರು 7ರಿಂದ 10 ದಿನ. ಆದ್ದರಿಂದಲೇ ವಾರಕ್ಕೊಮ್ಮೆ ನೀರು ಖಾಲಿ ಮಾಡಿ, ಪಾತ್ರೆಯ ಒಳಗೋಡೆಯನ್ನು ಉಜ್ಜಿ ಅನ್ನುವುದು. ಸುಮ್ನೆ ನೀರು ಚೆಲ್ಲಿದರೆ ಸಾಲದು, ಗೋಡೆಗೆ ಅಂಟಿದ ಮೊಟ್ಟೆ ಒಣಗಿದರೂ ತಿಂಗಳುಗಟ್ಟಲೆ ಉಳಿಯುತ್ತದೆ. ನಮ್ಮ ಊರಿನ ಎಷ್ಟೋ ಬಡಾವಣೆಗಳಲ್ಲಿ ನಲ್ಲಿ ನೀರು ದಿನವೂ ಬರುವುದಿಲ್ಲ, ಜನ ಡ್ರಮ್ಮಿನಲ್ಲಿ ತುಂಬಿಡಲೇಬೇಕು. ಟ್ಯಾಂಕು ಸಣ್ಣದಿಟ್ಟು, ಮುಚ್ಚಳ ಒಡೆದದ್ದನ್ನು ಹಾಗೇ ಬಿಟ್ಟು, ಬಾಡಿಗೆದಾರರು ಡ್ರಮ್ಮು ಇಟ್ಟುಕೊಂಡರು ಅಂತ ಅವರನ್ನು ಬೈಯುವುದು ಸರಿಯಲ್ಲ.

ಹಾಗಾಗಿ ನಿಯಮ ಸರಳವಾಗಿರಲಿ: ಯಾವ ನೀರಿನ ಕೀಲಿ ಯಾರ ಕೈಯಲ್ಲಿದೆಯೋ ದಂಡವೂ ಅವರಿಗೇ. ಸಂಪಿನಲ್ಲಿ, ಮೇಲಿನ ಟ್ಯಾಂಕಿನಲ್ಲಿ ಲಾರ್ವಾ ಸಿಕ್ಕಿದರೆ ರಸೀದಿ ಓನರ್ ಹೆಸರಿಗೆ ಹರಿಯಬೇಕು, ಓನರ್ ಬೆಂಗಳೂರಿನಲ್ಲಿರಲಿ, ದುಬೈನಲ್ಲಿರಲಿ. ಕಂದಾಯದ ದಾಖಲೆಯಲ್ಲಿ ಹೆಸರು ಇದೆಯಲ್ಲ. ಊರಲ್ಲಿಲ್ಲದ ಓನರ್‌ಗಳು ತಾರಸಿ ಕೀಯನ್ನು ಬಾಡಿಗೆದಾರರಿಗೋ ಪಕ್ಕದ ಮನೆಗೋ ಕೊಟ್ಟಿರಲೇಬೇಕು ಅಂತ ಆದೇಶದಲ್ಲಿ ಬರೆಯಿರಿ. ಆಶಾ ಕಾರ್ಯಕರ್ತೆಯರು ಬಿಸಿಲಲ್ಲಿ, ಮಳೆಯಲ್ಲಿ ಮೂರು ಅಂತಸ್ತು ಹತ್ತಿ ಬಂದು ಬೀಗ ನೋಡಿ ವಾಪಸ್ ಹೋಗುವುದನ್ನು ನಾನು ಕಂಡಿದ್ದೇನೆ, ಬೇಜಾರಾಗುತ್ತದೆ. ಬಾಡಿಗೆದಾರರೂ ಒಂದು ಒಪ್ಪಬೇಕು. ಮುಂಚೆ ತಿಳಿಸಿ, ಸರಿಯಾದ ಹೊತ್ತಿನಲ್ಲಿ ಬಂದು ಮನೆ ನೋಡುವ ಹಕ್ಕು ಓನರ್‌ಗೆ ಕಾನೂನಿನಲ್ಲೇ ಇದೆ. ಬಚ್ಚಲಿನ ಡ್ರಮ್ಮು ನೋಡುತ್ತೇನೆ ಅಂದರೆ ಅವಮಾನ ಅಂದುಕೊಳ್ಳಬೇಡಿ.

ಆದರೆ ಡ್ರಮ್ಮು ನೋಡುವ ಹಕ್ಕು ಬೇರೆ, ಆಸ್ಪತ್ರೆ ರಿಪೋರ್ಟ್ ನೋಡುವ ಹಕ್ಕು ಬೇರೆ. ಕೋವಿಡ್ ಕಾಲದಲ್ಲಿ ನೆಗೆಟಿವ್ ರಿಪೋರ್ಟ್ ತೋರಿಸಿ ಒಳಗೆ ಬನ್ನಿ ಅಂದ ಓನರ್‌ಗಳಿದ್ದರು. ಯಾರಿಗೆ ಯಾವ ಕಾಯಿಲೆ ಅಂತ ಕೇಳುವುದು ಆರೋಗ್ಯ ಇಲಾಖೆಯ ಕೆಲಸ. ಆಗ ಬಾಗಿಲಿಗೆ ಕ್ವಾರಂಟೈನ್ ಪೋಸ್ಟರ್ ಅಂಟಿಸಿದ್ದು ನೆನಪಿದೆಯಲ್ಲ? ಅಧಿಕಾರ ಇದ್ದವರು ಕಾಯ್ದೆಯಡಿ ನಿರ್ದಿಷ್ಟವಾಗಿ ಆದೇಶಿಸಿದರೆ ಮಾತ್ರ ಅಂಟಿಸಿ ಅಂತ 2020ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಬೇಕಾಯಿತು. ಓನರ್‌ಗೆ ತಿಳಿಯಬೇಕಾದದ್ದು, ಒಂದೇ ಮೆಟ್ಟಿಲು, ಒಂದೇ ನಲ್ಲಿ ಬಳಸುವ ಮನೆಗಳಲ್ಲಿ ಏನು ಎಚ್ಚರಿಕೆ ಬೇಕು ಅನ್ನುವಷ್ಟು ಮಾತ್ರ. ಅದನ್ನು ಇಲಾಖೆಯವರೇ ಬಂದು ಹೇಳಲಿ.

ಕೊನೆಗೆ ಪೇಟೆ ಬಿಟ್ಟು ಕಾಡಂಚಿನ ವಿಷಯ. ಬಾಡಿಗೆ ಅಂದರೆ ಪೇಟೆಯ ಮನೆ ಮಾತ್ರವಲ್ಲ. ತೀರ್ಥಹಳ್ಳಿ, ಹೊಸನಗರ, ಸಾಗರ, ಸೊರಬದ ತೋಟಗಳಲ್ಲಿ ಕೂಲಿಯವರಿಗೆಂದು ಸಾಲಾಗಿ ಕಟ್ಟಿದ ಲೈನ್ ಮನೆಗಳಿವೆ. ಬಯಲುಸೀಮೆಯಿಂದ, ಈಗೀಗ ಅಸ್ಸಾಂ ಕಡೆಯಿಂದಲೂ ಬಂದವರು ಅಲ್ಲಿದ್ದಾರೆ. ಅವರಿಗೆ ಕರಾರು ಪತ್ರ ಇಲ್ಲ, ಬಾಡಿಗೆ ರಸೀದಿ ಇಲ್ಲ. ಕೆಲಸ ಕೊಟ್ಟವರೇ ಮನೆ ಕೊಟ್ಟವರು. ಕೆಲಸಕ್ಕೆ ಬರದ ದಿನ ಕೂಲಿಯೂ ಇಲ್ಲ, ಬರದ ದಿನ ಜಾಸ್ತಿಯಾದರೆ ಮನೆಯೂ ಇಲ್ಲ. ಈ ಕಾಡಂಚಿನಲ್ಲಿ ಹಬ್ಬುವ ಮಂಗನ ಕಾಯಿಲೆ (ಕೆಎಫ್‌ಡಿ) ಬಂದವರಿಗೆ ಮೈಕೈ ಎತ್ತಲಾಗದ ಜ್ವರ, ತಲೆನೋವು, ಕೆಲವರಿಗೆ ರಕ್ತಸ್ರಾವ; ವಾಸಿಯಾದರೂ ವಾರಗಟ್ಟಲೆ ಸುಸ್ತು. ನೂರರಲ್ಲಿ 3ರಿಂದ 5 ಜನ ಸಾಯುವ ಕಾಯಿಲೆ ಇದು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ್ದು, 2019ರಲ್ಲಿ ಸಾಗರದ ಅರಳಗೋಡು ಸುತ್ತ ಎಷ್ಟು ಜೀವ ತೆಗೆಯಿತು ಅಂತ ನಮಗೆಲ್ಲ ಗೊತ್ತು. ಇಷ್ಟು ವರ್ಷವಾದರೂ ಜನ ತಿಳಿಯದ ಒಂದು ಸಂಗತಿ ಇದೆ. ಇದು ಉಣ್ಣೆ ಹುಳ ಕಚ್ಚಿ ಬರುವುದು, ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ. ಜ್ವರ ಬಂದವರನ್ನು ಲೈನಿನಿಂದ ಕಳಿಸಿದರೆ ಉಳಿದವರಿಗೆ ಒಂದು ಚೂರೂ ಉಪಯೋಗವಿಲ್ಲ.

ಉಪಯೋಗ ಆಗುವುದು ತೋಟದ ಯಜಮಾನರು ಮಾಡುವ ಕೆಲಸದಿಂದ. ಲೈನ್ ಮನೆಯ ಸುತ್ತ ದರಗು (ಒಣಗಿದ ಎಲೆ) ಗುಡಿಸಿ ಚೊಕ್ಕ ಇಡುವುದು, ಸೊಪ್ಪಿನ ರಾಶಿಯನ್ನು ಬಾಗಿಲ ಹತ್ತಿರ ಹಾಕದಿರುವುದು, ಕಾಡಿಗೆ ಹೋಗುವವರಿಗೆ ಉಣ್ಣೆ ಕಚ್ಚದ ಹಾಗೆ ಮೈಗೆ ಹಚ್ಚುವ ಡೆಪಾ ಎಣ್ಣೆ ಸಿಗುವ ಹಾಗೆ ನೋಡಿಕೊಳ್ಳುವುದು, ಮಂಗ ಸತ್ತದ್ದು ಕಂಡರೆ ಅದೇ ದಿನ ಆಸ್ಪತ್ರೆಗೆ ತಿಳಿಸುವುದು. ಬಿದ್ದ ಅಡಿಕೆ ಹಾಳೆಯಲ್ಲಿ ನೀರು ನಿಂತು ಸೊಳ್ಳೆಯಾಗುತ್ತದೆ, ಅದನ್ನೂ ಮಗುಚಿ ಹಾಕಬೇಕು. 1951ರ ಪ್ಲಾಂಟೇಶನ್ ಕಾರ್ಮಿಕರ ಕಾಯ್ದೆ ದೊಡ್ಡ ತೋಟದವರು ಕಾರ್ಮಿಕರಿಗೆ ಮನೆ ಕೊಡಬೇಕು ಅಂದಿತ್ತು, ಆದರೆ ಅದು ಹೆಸರಿಸಿದ್ದು ಚಹಾ, ಕಾಫಿ, ರಬ್ಬರ್, ಸಿಂಕೋನಾ, ಏಲಕ್ಕಿ ತೋಟಗಳನ್ನು. ಮಲೆನಾಡಿನ ಅಡಿಕೆ ತೋಟದ ಹೆಸರು ಆ ಸಾಲಿನಲ್ಲಿರಲಿಲ್ಲ. ಹಾಗಾಗಿ ಜಿಲ್ಲಾಧಿಕಾರಿಗಳೇ, ನಿಮ್ಮ ಆದೇಶದಲ್ಲಿ ಲೈನ್ ಮನೆಗಳನ್ನು ಹೆಸರು ಹಿಡಿದು ಸೇರಿಸಿ. ಮಂಗನ ಕಾಯಿಲೆ, ಡೆಂಗಿ ಅಥವಾ ಘೋಷಿತವಾದ ಯಾವುದೇ ಸಾಂಕ್ರಾಮಿಕ ಕಾಯಿಲೆಯಿಂದ ಮಲಗಿದವರನ್ನು, ಅವರ ಮನೆಯವರನ್ನು ಪೂರ್ತಿ ಗುಣವಾಗುವವರೆಗೆ ಎಬ್ಬಿಸುವ ಹಾಗಿಲ್ಲ ಅಂತ ಬರೆಯಿರಿ. ಮಂಗನ ಕಾಯಿಲೆಯ ಕಾಲ ನವೆಂಬರ್, ಡಿಸೆಂಬರ್‌ಗೆ ಶುರುವಾಗಿ ಮೇವರೆಗೆ ಇರುತ್ತದೆ. ಮಳೆ ಮುಗಿಯುತ್ತಿದ್ದ ಹಾಗೆ ಗ್ರಾಮ ಪಂಚಾಯಿತಿಗಳಲ್ಲಿ ಇದನ್ನು ಓದಿ ಹೇಳಿಸಿ.

ಆದೇಶದ ಕೆಳಗೆ ಒಂದು ಫೋನ್ ನಂಬರ್ ಇರಲಿ. ಎರಡೂ ಕಡೆಯವರು ಮಾಡಬಹುದಾದ ನಂಬರ್. ಮನೆ ಬಿಡಿ ಅಂದರು ಅಂತ ಬಾಡಿಗೆದಾರರೂ, ಕೈಯಲ್ಲಿ ದುಡ್ಡಿದ್ದೂ ಬಾಡಿಗೆ ಕೊಡುತ್ತಿಲ್ಲ ಅಂತ ಓನರ್‌ಗಳೂ ಅದಕ್ಕೆ ಹೇಳಿಕೊಳ್ಳಲಿ. ಪೊಲೀಸ್ ಸ್ಟೇಷನ್ ಮೆಟ್ಟಿಲು ಹತ್ತುವ ಮೊದಲು ಕೂತು ಮಾತಾಡಿಸುವ ಒಬ್ಬರನ್ನು ವಾರ್ಡಿಗೊಬ್ಬರಂತೆ ನೇಮಿಸಿ.

ಓನರ್‌ಗಳಿಗೆ ನನ್ನದೊಂದು ಮಾತು. ಹನ್ನೊಂದು ತಿಂಗಳ ಕರಾರು ಮುಂದಿನ ಸಲ ಹೊಸದು ಮಾಡುವಾಗ ಇಷ್ಟನ್ನು ಅದರಲ್ಲೇ ಬರೆಸಿ: ಕಾಯಿಲೆ ಹಬ್ಬಿದಾಗ ಖಾಲಿ ಮಾಡಿಸುವುದಿಲ್ಲ, ಬಾಕಿ ಬಾಡಿಗೆ ಹೇಗೆ ತೀರಿಸುವುದು, ಟ್ಯಾಂಕು ಯಾರು ತೊಳೆಸುವುದು, ಕೀ ಯಾರ ಹತ್ತಿರ. ಆದೇಶ ಬರುವವರೆಗೆ ಕಾಯಬೇಕಾಗಿಲ್ಲ. ನಮ್ಮ ಮನೆಯ ಕರಾರಿಗೆ ನಾವು ಸೇರಿಸಿದ್ದೇವೆ. ಆಯುಕ್ತರು ವಾರ್ಡ್ ಸಭೆ ಕರೆದರೆ ನಮ್ಮ ಬೀದಿಯ ಓನರ್‌ಗಳನ್ನೂ ಬಾಡಿಗೆದಾರರನ್ನೂ ಕರೆದುಕೊಂಡು ಬರುವ ಜವಾಬ್ದಾರಿ ನನ್ನದು. ದಿನಾಂಕ ತಿಳಿಸಿ.

ಇಂತಿ,
ವಿನೋಬನಗರದ ಒಬ್ಬ ಮನೆ ಓನರ್